ಲಂಗೋಟಿಯಿಂದ ಡೈಪರಿಗೆ: ಕೂಸಿಗೆ ಬೇಕಾದದ್ದು, ಮನೆಗೆ ಬೇಕಾದದ್ದು

ಚೊಚ್ಚಲ ಕೂಸಿಗಾಗಿ ಕಾಯುತ್ತಿರುವ ದಂಪತಿಗೆ ಇಂದು ಅಂಗಡಿಗಳು ಕೊಡುವ ಪಟ್ಟಿ ಉದ್ದವಾಗಿರುತ್ತದೆ. ಬಳಸಿ ಬಿಸಾಡುವ ಡೈಪರು, ಒಗೆದು ಬಳಸುವ ಡೈಪರು, ಅದರೊಳಗಿಡುವ ಪ್ಯಾಡು, ಬಟ್ಟೆ ಬದಲಿಸಲು ಎತ್ತರದ ಮೇಜು, ಒರೆಸಲು ಒದ್ದೆ ವೈಪ್ಸು, ವೈಪ್ಸನ್ನು ಬೆಚ್ಚಗಿಡುವ ಪೆಟ್ಟಿಗೆ, ಪೌಡರು, ಕ್ರೀಮು, ಬಳಸಿದ ಡೈಪರು ಹಾಕಲು ಬೇರೆಯದೇ ಡಬ್ಬಿ. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎನ್ನುವುದನ್ನು ನಾವು ಬೆಲೆ ನೋಡಿ ನಿರ್ಧರಿಸುತ್ತೇವೆ, ಇಲ್ಲವೇ ನೆಂಟರಿಷ್ಟರನ್ನು ಕೇಳುತ್ತೇವೆ. ಈ ವಸ್ತುಗಳ ಚರಿತ್ರೆಯನ್ನು ನೋಡಿದರೆ ಇನ್ನೂ ಖಚಿತವಾದ ಉತ್ತರ ಸಿಗುತ್ತದೆ ಎಂಬುದು ಈ ಬರಹದ ವಾದ. ಕೂಸಿನ ಅಗತ್ಯ ಯಾವ ಕಾಲಕ್ಕೂ ಬದಲಾಗಿಲ್ಲ: ಚರ್ಮ ಒಣಗಿರಬೇಕು, ಮಲಮೂತ್ರ ಬೇಗ ತೆಗೆಯಬೇಕು, ಮೈ ಬೆಚ್ಚಗಿರಬೇಕು, ಕೂಸು ಬೀಳಬಾರದು. ಬದಲಾಗುತ್ತ ಬಂದದ್ದು ಮನೆ, ಹವೆ, ನೀರಿನ ಅನುಕೂಲ ಮತ್ತು ಒಗೆಯುವ ಕೈಗಳು. ಪ್ರತಿಯೊಂದು ಸಲಕರಣೆಯೂ ಯಾವುದೋ ಒಂದು ಮನೆಯ, ಯಾವುದೋ ಒಂದು ಕಾಲದ ತೊಂದರೆಗೆ ಪರಿಹಾರವಾಗಿ ಹುಟ್ಟಿದೆ. ಆ ತೊಂದರೆ ನಮ್ಮ ಮನೆಯಲ್ಲಿ ಇದ್ದರೆ ಸಲಕರಣೆ ಬೇಕು, ಇಲ್ಲದಿದ್ದರೆ ಬೇಡ.

ಕೂಸಿಗೆ ಸದಾ ಬಟ್ಟೆ ಕಟ್ಟಿರಬೇಕು ಎಂಬುದೇ ಎಲ್ಲ ಸಮಾಜಗಳ ನಂಬಿಕೆಯಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಹಲವರು ಕೂಸನ್ನು ಹಲಗೆಯ ತೊಟ್ಟಿಲಿಗೆ ಕಟ್ಟಿ, ಒಣಗಿಸಿದ ಸ್ಫ್ಯಾಗ್ನಮ್ ಪಾಚಿಯನ್ನು ಅಡಿಗೆ ತುಂಬುತ್ತಿದ್ದರು. ಆ ಪಾಚಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಒದ್ದೆಯಾದದ್ದನ್ನು ಎಸೆದು ಹೊಸದನ್ನು ತುಂಬಿದರಾಯಿತು. ಮಧ್ಯ ಏಷ್ಯಾದ ಉಜ್ಬೆಕ್, ತಾಜಿಕ್ ಮನೆಗಳ ಬೇಶಿಕ್ ಎಂಬ ತೊಟ್ಟಿಲಿಗೆ ತಳದಲ್ಲೊಂದು ತೂತು, ಮೂತ್ರ ಹರಿದುಹೋಗಲು ಮರದ ಸಣ್ಣ ಕೊಳವೆ, ಕೆಳಗೊಂದು ಪಾತ್ರೆ. ಚೀನಾದಲ್ಲಿ ಅಡಿ ಸೀಳಿದ ಚಡ್ಡಿ ತೊಡಿಸುವ ಕಾಯ್‌ಡಾಂಗ್‌ಕು ಪದ್ಧತಿ ಇಂದಿಗೂ ಪೂರ್ತಿ ಮರೆಯಾಗಿಲ್ಲ. ಕರ್ನಾಟಕದಲ್ಲಿ ಹಳೆಯ ಹತ್ತಿ ಸೀರೆ, ಪಂಚೆಗಳ ತುಂಡುಗಳೇ ಹಾಸುಬಟ್ಟೆ ಮತ್ತು ಲಂಗೋಟಿ. ಉತ್ತರ ಕರ್ನಾಟಕದಲ್ಲಿ ಅಡಿಗೆ ಮೆತ್ತನೆಯ ಕೌದಿ ಹಾಸಿರುತ್ತದೆ. ಕೂಸಿಗೆ ಕತ್ತು ನಿಲ್ಲುತ್ತಿದ್ದಂತೆ ಅಜ್ಜಿಯೋ ತಾಯಿಯೋ ಕಾಲು ಚಾಚಿ ಕುಳಿತು, ಎರಡು ಪಾದಗಳ ನಡುವೆ ಕೂಸನ್ನು ಕೂರಿಸಿ, ಬಾಯಲ್ಲಿ ‘ಸ್ಸ್’ ಎಂದು ಸದ್ದು ಮಾಡಿ ವಿಸರ್ಜನೆ ಮಾಡಿಸುತ್ತಿದ್ದರು. ಬೆಚ್ಚನೆಯ ಹವೆ, ತೊಳೆಯಬಹುದಾದ ನೆಲ, ಕೂಸಿನ ಪಕ್ಕದಲ್ಲೇ ಇರುವ ದೊಡ್ಡವರು, ಈ ಮೂರೂ ಕೂಡಿದ ಕಡೆ ಬಟ್ಟೆಯ ಅಗತ್ಯವೇ ಕಡಿಮೆಯಾಗುತ್ತದೆ.

ಯುರೋಪಿನ ಕಥೆ ಬೇರೆ, ಏಕೆಂದರೆ ಅಲ್ಲಿನ ಚಳಿ ಬೇರೆ. ಅಲ್ಲಿ ಶತಮಾನಗಳ ಕಾಲ ಕೂಸುಗಳನ್ನು ಉದ್ದನೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಿಡುತ್ತಿದ್ದರು. ಬಿಚ್ಚಿ ಸುತ್ತುವುದು ತ್ರಾಸದ ಕೆಲಸವಾದ್ದರಿಂದ ಬದಲಿಸುವುದೂ ಅಪರೂಪವಾಗಿತ್ತು. ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಗೆ ಸಲಹೆ ನೀಡಿದ ವೈದ್ಯ ವಿಲಿಯಂ ಕಡೋಗನ್ 1748ರ ಪ್ರಬಂಧದಲ್ಲಿ ಈ ಸುತ್ತುವಿಕೆಯನ್ನು ಖಂಡಿಸಿ, ಸಡಿಲವಾದ ಹಗುರ ಉಡುಪು ಸಾಕು, ಅದನ್ನು ಆಗಾಗ ಬದಲಿಸಿ ಶುಚಿಯಾಗಿಡಬೇಕು ಎಂದ. 1762ರಲ್ಲಿ ರೂಸೋ ತನ್ನ ‘ಎಮಿಲ್’ ಕೃತಿಯಲ್ಲಿ ಅದೇ ವಾದ ಹೂಡಿದ. ಸುತ್ತುಪಟ್ಟಿ ಹಿಂದೆ ಸರಿದಂತೆ ಸೊಂಟಕ್ಕೆ ಮಡಚಿ ಕಟ್ಟುವ ಚೌಕ ಬಟ್ಟೆ ಮುಂದೆ ಬಂತು, ಅದರ ಬೆನ್ನಿಗೇ ಅದನ್ನು ಬಿಗಿಯುವ ಸಾಧನದ ಅಗತ್ಯವೂ ಬಂತು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದು 400 ಡಾಲರಿಗೆ ಮಾರಿಬಿಟ್ಟ ಸೇಫ್ಟಿ ಪಿನ್ನು ಮುಂದಿನ ನೂರು ವರ್ಷ ಕೂಸಿನ ಬಟ್ಟೆಯ ಸಂಗಾತಿಯಾಯಿತು. ಅದಕ್ಕೂ ಮೊದಲೇ, 1823ರಲ್ಲಿ, ಚಾರ್ಲ್ಸ್ ಮ್ಯಾಕಿಂತಾಷ್ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಸೇರಿಸಿ ನೀರಿಳಿಯದ ಬಟ್ಟೆಗೆ ಪೇಟೆಂಟ್ ಪಡೆದಿದ್ದ. ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ಹಾಸಿಗೆಯ ಮೇಲೆ ಹಾಸುವ ಮ್ಯಾಕಿಂತಾಷ್ ಶೀಟ್, ಮನೆಗಳ ರಬ್ಬರ್ ಶೀಟ್ ಆ ವಂಶದ್ದೇ. ಕೂಸಿಗೆ ನೇರವಾಗಿ ತೊಡಿಸದೆ ಹಾಸಿಗೆಯನ್ನು ಕಾಪಾಡುವ ಈ ಶೀಟು ಸುಮಾರು ಇನ್ನೂರು ವರ್ಷ ಬಾಳಿದೆ, ಇಂದಿಗೂ ಅಗ್ಗ, ತೊಳೆದರೆ ಮತ್ತೆ ಹೊಸದರಂತೆ.

ಬಟ್ಟೆ ಮುಂದೆ ಬಂದಾಗ ಒಗೆಯುವ ಕೆಲಸ ಬೆಳೆಯಿತು. ನಲ್ಲಿ ಇಲ್ಲದ ಮನೆಯಲ್ಲಿ ನೀರು ಹೊತ್ತು ತಂದು, ಕಾಯಿಸಿ, ಉಜ್ಜಿ, ಚಳಿಗಾಲದಲ್ಲಿ ಒಣಗಿಸುವುದು ತಾಯಂದಿರ ಇಡೀ ದಿನವನ್ನು ತಿನ್ನುತ್ತಿತ್ತು. ಹಾಗಾಗಿ ಕೂಸಿಗೆ ಬೇಗ ಶೌಚದ ಅಭ್ಯಾಸ ಮಾಡಿಸುವುದು ಮನೆಯ ಅಗತ್ಯವೇ ಆಗಿತ್ತು. ಅಮೆರಿಕದ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಕೈಪಿಡಿ ಎರಡನೇ ತಿಂಗಳಷ್ಟು ಮುಂಚೆಯೇ ಮಲವಿಸರ್ಜನೆಗೆ ಹೊತ್ತು ಗೊತ್ತುಮಾಡಬಹುದು ಎಂದಿತು. ಒಗೆಯುವ ಭಾರವನ್ನು ಮನೆಯಿಂದ ಹೊರಗೆ ಸಾಗಿಸುವ ಇನ್ನೊಂದು ದಾರಿ 1930ರ ದಶಕದ ಅಮೆರಿಕದ ನಗರಗಳಲ್ಲಿ ತೆರೆಯಿತು: ಕೊಳೆಯಾದ ಬಟ್ಟೆ ಒಯ್ದು ಒಗೆದದ್ದನ್ನು ಮನೆಗೆ ತಲುಪಿಸುವ ಲಾಂಡ್ರಿ ಸೇವೆ. ಮಡಿಕೆಯ ಬಟ್ಟೆ, ಪಿನ್ನು, ರಬ್ಬರ್ ಚಡ್ಡಿ, ನೆನೆಹಾಕುವ ಮುಚ್ಚಳದ ಬಕೆಟ್ಟು, ಇಷ್ಟೇ ಆ ಕಾಲದ ಮನೆಯ ಸಲಕರಣೆ.

ಬಿಸಾಡುವ ಡೈಪರಿನ ಹುಟ್ಟಿನ ಹಿಂದೆ ಕೊರತೆ ಇದೆ, ದಣಿದ ತಾಯಂದಿರಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹತ್ತಿಯ ಅಭಾವವಿದ್ದ ಸ್ವೀಡನ್ನಿನಲ್ಲಿ ಕಾಗದದ ಕಾರ್ಖಾನೆಯೊಂದು ಮರದ ತಿರುಳಿನ ಪ್ಯಾಡನ್ನು ಚಡ್ಡಿಯೊಳಗಿಡುವ ವಿಧಾನ ತಂದಿತು. ಬ್ರಿಟನ್ನಿನಲ್ಲಿ ಸೈನ್ಯಾಧಿಕಾರಿಯೊಬ್ಬರ ಪತ್ನಿ ವ್ಯಾಲರಿ ಹಂಟರ್ ಗಾರ್ಡನ್ 1947ರಲ್ಲಿ ಮೂರನೇ ಮಗು ಹುಟ್ಟಿದಾಗ ಒಗೆತದಿಂದ ಬೇಸತ್ತು, ಹಳೆಯ ಪ್ಯಾರಾಚೂಟಿನ ನೈಲಾನ್ ಬಟ್ಟೆಯಿಂದ ಹೊರ ಚಡ್ಡಿ ಹೊಲಿದು, ಒಳಗೆ ಬಿಸಾಡಬಹುದಾದ ಪ್ಯಾಡು ಇಡುವ ‘ಪ್ಯಾಡಿ’ಯನ್ನು ರೂಪಿಸಿದರು. ಪರಿಚಿತರು ಕೇಳಿದ್ದಕ್ಕೆ ಮನೆಯಲ್ಲೇ ನೂರಾರು ಹೊಲಿದು ಕೊಟ್ಟರು. ಮುಂದೆ ಚೆಸ್ಟರ್‌ಫೀಲ್ಡಿನ ರಾಬಿನ್ಸನ್ಸ್ ಕಂಪನಿ ಅದನ್ನು ತಯಾರಿಸಿತು. ಅದೇ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಮೇರಿಯನ್ ಡೊನೊವನ್ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಬಟ್ಟೆಯ ಮೇಲೆ ತೊಡಿಸುವ ಹೊದಿಕೆ ಹೊಲಿದರು. ಪಿನ್ನಿನ ಬದಲು ಪ್ರೆಸ್ ಬಟನ್ ಇದ್ದ, ‘ಬೋಟರ್’ ಎಂಬ ಹೆಸರಿನ ಆ ಹೊದಿಕೆ 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. 1951ರಲ್ಲಿ ಪೇಟೆಂಟ್ ಸಿಕ್ಕಿತು, ಹಕ್ಕು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಪೂರ್ತಿ ಕಾಗದದ ಡೈಪರು ಮಾಡೋಣವೆಂದು ಅವರು ಕಾರ್ಖಾನೆಗಳ ಬಾಗಿಲು ತಟ್ಟಿದಾಗ ಮಾತ್ರ ಯಾರೂ ಒಪ್ಪಲಿಲ್ಲ. ಈ ಇಬ್ಬರೂ ಇಟ್ಟುಕೊಂಡದ್ದು ಮತ್ತೆ ಮತ್ತೆ ಬಳಸುವ ಹೊರ ಹೊದಿಕೆ, ಒಳಗೆ ಬದಲಿಸುವ ಭಾಗ. ಇಂದು ಹೊಸತೆಂಬಂತೆ ದುಬಾರಿ ಬೆಲೆಗೆ ಮಾರಾಟವಾಗುವ ಬಟ್ಟೆ ಡೈಪರಿನ ವಿನ್ಯಾಸವೂ ಇದೇ.

1950ರ ದಶಕದ ನಡುವೆ ಅಮೆರಿಕದಲ್ಲಿ ಕೂಸುಗಳಿಗೆ ಬದಲಿಸುತ್ತಿದ್ದ ಡೈಪರುಗಳಲ್ಲಿ ಬಿಸಾಡುವಂಥವು ಶೇ. 1ಕ್ಕಿಂತ ಕಡಿಮೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 1957ರಲ್ಲಿ ಚಾರ್ಮಿನ್ ಕಾಗದದ ಕಾರ್ಖಾನೆಯನ್ನು ಕೊಂಡಿತು, ಅಲ್ಲಿನ ಕಾಗದಕ್ಕೆ ಹೊಸ ಉಪಯೋಗ ಹುಡುಕುತ್ತಿದ್ದ ಇಂಜಿನಿಯರ್ ವಿಕ್ಟರ್ ಮಿಲ್ಸ್ ಮೊಮ್ಮಗುವಿನ ಬಟ್ಟೆ ಬದಲಿಸುವ ಕಷ್ಟ ಕಂಡು ಈ ಕೆಲಸಕ್ಕೆ ತಂಡ ಕಟ್ಟಿದ. ಡಲ್ಲಾಸಿನ ಬಿಸಿಲಲ್ಲಿ ನಡೆದ ಮೊದಲ ಪರೀಕ್ಷೆ ಸೋತಿತು, ಪ್ಲಾಸ್ಟಿಕ್ ಚಡ್ಡಿಯೊಳಗೆ ಕೂಸುಗಳು ಬೆಂದುಹೋಗುತ್ತಿದ್ದವು. ಸೆಖೆಯ ನಾಡಿನವರು ನೆನಪಿಡಬೇಕಾದ ಸಂಗತಿ ಇದು. ವಿನ್ಯಾಸ ತಿದ್ದಿ 1961ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಪ್ಯಾಂಪರ್ಸ್ ಮಾರಾಟಕ್ಕಿಟ್ಟರು. ತಾಯಂದಿರು ಮೆಚ್ಚಿದರೂ ಒಂದಕ್ಕೆ 10 ಸೆಂಟಿನ ಬೆಲೆ ಭಾರವಾಯಿತು. ಯಂತ್ರಗಳನ್ನು ಬದಲಿಸಿ ಬೆಲೆ 6 ಸೆಂಟಿಗೆ ಇಳಿದ ಮೇಲೆ ವ್ಯಾಪಾರ ಕುದುರಿತು. 1970ರ ದಶಕದಲ್ಲಿ ಅದೇ ಪಿಯೋರಿಯಾದ ಸರಕಾರಿ ಕೃಷಿ ಪ್ರಯೋಗಾಲಯ ಪಿಷ್ಟದಿಂದ ತಯಾರಿಸಿದ ಅತಿಹೀರುವ ಪುಡಿ ಪ್ರಸಿದ್ಧವಾಯಿತು. 1980ರ ದಶಕದಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಅದರ ಕೃತಕ ಬಂಧು ಡೈಪರಿನೊಳಗೆ ಸೇರಿದ ಮೇಲೆ ಡೈಪರು ತೆಳ್ಳಗಾಯಿತು, ಗಂಟೆಗಟ್ಟಲೆ ಒದ್ದೆ ತೋರದಂತಾಯಿತು. ಭಾರತದ ಪೇಟೆಗೆ ದೊಡ್ಡ ಕಂಪನಿಗಳ ಡೈಪರು ಬಂದದ್ದು 1990ರ ದಶಕದಿಂದೀಚೆಗೆ.

ಸಲಕರಣೆ ಅಗತ್ಯವನ್ನು ಪೂರೈಸಿ ಸುಮ್ಮನಾಗುವುದಿಲ್ಲ, ಪದ್ಧತಿಯನ್ನೂ ಬದಲಿಸುತ್ತದೆ. ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ದಾಖಲೆಗಳನ್ನು ಆಧರಿಸಿ, ಶೌಚದ ಅಭ್ಯಾಸಕ್ಕೆ ಮಗುವೇ ಸಿದ್ಧವಾಗುವವರೆಗೆ ಕಾಯಬೇಕು ಎಂದು ಬರೆದರು. ಆ ಮಕ್ಕಳು ಹಗಲಿನ ಅಭ್ಯಾಸ ಕಲಿತದ್ದು ಸರಾಸರಿ 28 ತಿಂಗಳಿನ ಹೊತ್ತಿಗೆ. ಹೆದರಿಸಿ ಗದರಿಸಿ ಕಲಿಸುವ ಹಳೆಯ ಕಟ್ಟುನಿಟ್ಟಿಗೆ ಅದು ಬೇಕಾಗಿದ್ದ ಉತ್ತರ. ಆದರೆ 1990ರ ದಶಕದ ಕೊನೆಗೆ ಅವರೇ ದೊಡ್ಡ ಮಕ್ಕಳ ಅಳತೆಯ ಡೈಪರಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಕಾಯುವ ಸಲಹೆ ಹೀಗೆ ಹೆಚ್ಚು ಕಾಲ ಡೈಪರು ಕೊಳ್ಳುವ ಸಲಹೆಯೂ ಆಯಿತು. ಇದಕ್ಕೆ ಎದುರಾಗಿ, ಪೂರ್ವ ಆಫ್ರಿಕದ ಡಿಗೊ ಜನರ ಕುರಿತು 1977ರಲ್ಲಿ ಪ್ರಕಟವಾದ ಅಧ್ಯಯನ, ಕೂಸಿನ ಸನ್ನೆ ಗಮನಿಸಿ ಕೂರಿಸುವ ಅಲ್ಲಿನ ತಾಯಂದಿರು ಐದಾರು ತಿಂಗಳಿಗೇ ಬಹುಮಟ್ಟಿಗೆ ಒದ್ದೆಯಿಲ್ಲದ ಸ್ಥಿತಿ ಸಾಧಿಸುವುದನ್ನು ದಾಖಲಿಸಿತು. ನಮ್ಮ ಅಜ್ಜಿಯರು ಕಾಲ ಮೇಲೆ ಕೂರಿಸುತ್ತಿದ್ದುದೂ ಇಂಥದೇ ಕ್ರಮ. ಇದರಲ್ಲಿ ಬಲವಂತವಿಲ್ಲ, ಕೂಸಿನ ಹೊತ್ತುಗೊತ್ತನ್ನು ಅರಿತ ತಾಳ್ಮೆಯಿದೆ. ದಿನಕ್ಕೆ ಒಂದೆರಡು ಸಲ ಹೀಗೆ ಕೂರಿಸಿದರೂ ಅಷ್ಟು ಡೈಪರು, ಅಷ್ಟು ಒಗೆತ ಉಳಿಯುತ್ತದೆ.

ಚರ್ಮಕ್ಕೆ ಹಚ್ಚುವ, ಉದುರಿಸುವ ವಸ್ತುಗಳ ಚರಿತ್ರೆ ಇನ್ನಷ್ಟು ಎಚ್ಚರ ಹೇಳುತ್ತದೆ. 1886ರಲ್ಲಿ ಲಂಡನ್ನಿನ ವೈದ್ಯರೊಬ್ಬರು, ಹೊಸ ಬಟ್ಟೆಗೆ ಒತ್ತಿದ ಗುರುತಿನ ಅನಿಲಿನ್ ಬಣ್ಣ ಚರ್ಮದ ಮೂಲಕ ಒಳಗಿಳಿದು ನವಜಾತ ಶಿಶುಗಳ ಮೈ ನೀಲಿಗಟ್ಟಿದ್ದನ್ನು ವರದಿ ಮಾಡಿದರು. ಬಟ್ಟೆಯನ್ನು ಮೊದಲು ಒಗೆದು ಬಳಸಬೇಕೆಂಬ ಪಾಠ ಅಲ್ಲಿಂದ ಬಂತು. ತುರಿಗೆ ಉದುರಿಸುತ್ತಿದ್ದ ಬೋರಿಕ್ ಪುಡಿ ಕೂಸುಗಳ ಜೀವ ತೆಗೆದದ್ದುಂಟು. 1972ರಲ್ಲಿ ಫ್ರಾನ್ಸಿನ ‘ಟಾಲ್ಕ್ ಮೊರಾಂಜ್’ ಪೌಡರಿಗೆ ತಪ್ಪಾಗಿ ಹೆಕ್ಸಕ್ಲೋರೊಫೀನ್ ಅತಿಯಾಗಿ ಬೆರೆತು 36 ಎಳೆಯ ಮಕ್ಕಳು ಸತ್ತರು. ಪೌಡರಿನ ನುಣುಪು ಧೂಳು ಕೂಸಿನ ಉಸಿರಿಗೆ ಸೇರುತ್ತದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ದಶಕಗಳಿಂದ ಹೇಳುತ್ತ ಬಂದಿದೆ. ಒದ್ದೆ ವೈಪ್ಸಿನಲ್ಲಿ ಬಳಸುತ್ತಿದ್ದ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ ಅಲರ್ಜಿ ತರುವುದು ಕಂಡು, ಹಚ್ಚಿ ಹಾಗೇ ಬಿಡುವ ಪದಾರ್ಥಗಳಲ್ಲಿ ಅದನ್ನು ಯುರೋಪಿನ ಒಕ್ಕೂಟ 2017ರಿಂದ ನಿಷೇಧಿಸಿತು. ವೈಪ್ಸಿನ ಪರವಾದ ಸಾಕ್ಷ್ಯವನ್ನೂ ಹೇಳಬೇಕು: 280 ನವಜಾತ ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುಗಂಧವಿಲ್ಲದ ಸೌಮ್ಯ ವೈಪ್ಸು ಹತ್ತಿ ಮತ್ತು ನೀರಿಗಿಂತ ಕೆಟ್ಟದ್ದೆಂದು ಕಾಣಲಿಲ್ಲ. ಹಾಗೆಂದು ಉತ್ತಮವೆಂದೂ ಕಾಣಲಿಲ್ಲ. ನೀರು ಕೈಗೆ ಸಿಗುವ ಮನೆಯಲ್ಲಿ ಉಗುರುಬೆಚ್ಚಗಿನ ನೀರೂ ಮೆತ್ತನೆಯ ಬಟ್ಟೆಯೂ ಸಾಕು. ಪ್ರಯಾಣದಲ್ಲಿ ವೈಪ್ಸು ಉಪಕಾರಿ. ಹಳೆಯದೆಲ್ಲ ಸುರಕ್ಷಿತ ಎಂಬ ಭ್ರಮೆಯೂ ಬೇಡ. ಟ್ರಂಕಿನಲ್ಲಿ ನುಸಿಗುಳಿಗೆಯೊಡನೆ ವರ್ಷಗಟ್ಟಲೆ ಮಡಚಿಟ್ಟ ಸೀರೆಯನ್ನು ಹಾಗೇ ತೆಗೆದು ಕೂಸಿಗೆ ಸುತ್ತಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನ ರಕ್ತಕಣಗಳು ಆ ನಾಫ್ತಲಿನ್‌ನಿಂದ ಒಡೆದು ಕಾಮಾಲೆ ಏರಬಹುದು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಹಳೆಯ ಬಟ್ಟೆ, ನೀರು, ತಾಳ್ಮೆ ಎಂದು ಹೇಳುವುದು ಸುಲಭ, ಒಗೆಯುವವರು ಯಾರು? ಈ ಪ್ರಶ್ನೆಯನ್ನು ತಳ್ಳಿಹಾಕುವವರು ಚರಿತ್ರೆಯ ಅರ್ಧವನ್ನು ಮಾತ್ರ ಓದಿದವರು. ನಮ್ಮ ಬಾಣಂತನ ಶುಚಿಯಾಗಿ ನಡೆಯುತ್ತಿದ್ದುದು ಇನ್ನೊಬ್ಬರ ಬೆನ್ನಿನ ಮೇಲೆ: ಹೆರಿಗೆಯ ಮನೆಯ ಕೊಳೆಬಟ್ಟೆಗಳು ಅಗಸರ, ಮಡಿವಾಳರ ಪಾಲಿಗೆ, ಹೊಲಸು ಬಳಿಯುವುದು ಸೂಲಗಿತ್ತಿಯ ಪಾಲಿಗೆ, ಉಳಿದದ್ದು ಮನೆಯ ಕಿರಿಯ ಹೆಂಗಸಿನ ಪಾಲಿಗೆ. ಆ ಕೆಲಸಕ್ಕೆ ಜಾತಿಯ ಅಂಟು ಇತ್ತು, ಕೂಲಿ ಕಡಿಮೆ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಪಕ್ಕ ಹರಡಿದ ಬಟ್ಟೆ ಎರಡು ದಿನವಾದರೂ ತೇವ ಬಿಡುವುದಿಲ್ಲ, ತೇವದ ಬಟ್ಟೆ ತುರಿಯನ್ನು ಹೆಚ್ಚಿಸುತ್ತದೆ. ಅಜ್ಜಿಯಿಲ್ಲದ ನಗರದ ಮನೆಯಲ್ಲಿ, ಹೊಲಿಗೆ ಇನ್ನೂ ಮಾಯದ ಬಾಣಂತಿಯೇ ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಒಗೆಯಬೇಕೆಂದು ಹೇಳುವುದು ಸಂಪ್ರದಾಯದ ಹೆಸರಿನ ಕ್ರೌರ್ಯ. ರಾತ್ರಿಗೊಂದು ಡೈಪರು ತೊಡಿಸಿ ತಾಯಿ ನಾಲ್ಕು ಗಂಟೆ ನಿದ್ದೆ ಮಾಡಿದರೆ ಅದು ಸೋಮಾರಿತನವಲ್ಲ, ಅವಳ ಆರೋಗ್ಯದ ಭಾಗ. ಡೊನೊವನ್, ಹಂಟರ್ ಗಾರ್ಡನ್ ಪರಿಹರಿಸಲು ಹೊರಟದ್ದು ಈ ನಿಜವಾದ ತೊಂದರೆಯನ್ನೇ. ಒಗೆಯುವ ಕೈ ಇಲ್ಲದಲ್ಲಿ ಡೈಪರು ಬೇಕೇ ಬೇಕು ಎಂದು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಬಿಸಾಡುವ ಡೈಪರು ಪರಿಸರಕ್ಕೆ ಹಾನಿ, ಬಟ್ಟೆ ಒಳ್ಳೆಯದು ಎಂಬ ಮಾತಿಗೂ ಲೆಕ್ಕದ ಆಧಾರ ಬೇಕು. ಬ್ರಿಟನ್ನಿನ ಪರಿಸರ ಇಲಾಖೆ ಹುಟ್ಟಿನಿಂದ ಎರಡೂವರೆ ವರ್ಷದವರೆಗಿನ ಬಳಕೆಯನ್ನು ಅಳೆದು 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಿಸಾಡುವ ಡೈಪರಿನಿಂದ ಸುಮಾರು 550 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ, ಬಟ್ಟೆಯದರಿಂದ ಸರಾಸರಿ 570 ಕೆ.ಜಿ. ಹಾಗಾದರೆ ಎರಡೂ ಒಂದೇ ಎಂದು ಮುಗಿಸುವಂತಿಲ್ಲ. ಮೆಷಿನ್ ತುಂಬಾ ಬಟ್ಟೆ ಹಾಕಿ ಒಗೆದು, ಹೊರಗೆ ಗಾಳಿಗೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಹೊರೆ ಶೇ. 40ರಷ್ಟು ಇಳಿಯುತ್ತದೆ ಎಂದು ಅದೇ ವರದಿ ಹೇಳಿತು. ಕುದಿನೀರಿನಲ್ಲಿ ಒಗೆದು ವಿದ್ಯುತ್ ಡ್ರೈಯರಿನಲ್ಲಿ ಒಣಗಿಸಿದರೆ ಬಟ್ಟೆಯ ಮೇಲುಗೈ ಕರಗುತ್ತದೆ. 2023ರ ಹೊಸ ಲೆಕ್ಕದಲ್ಲಿ ಬಟ್ಟೆಯ ಹೊರೆ ಬಿಸಾಡುವ ಡೈಪರಿನದಕ್ಕಿಂತ ಶೇ. 25ರಷ್ಟು ಕಡಿಮೆ ಎಂದು ಕಂಡಿದೆ. ತೀರ್ಮಾನ ಬಟ್ಟೆಯ ಜಾತಿಯಲ್ಲಿಲ್ಲ, ಒಗೆಯುವ ಒಣಗಿಸುವ ರೀತಿಯಲ್ಲಿದೆ. ವರ್ಷದ ಬಹುಭಾಗ ಬಿಸಿಲು ಕಾಣುವ ಕಲಬುರಗಿ, ಬಳ್ಳಾರಿಯ ಮನೆಗೆ ಬಟ್ಟೆ ಸಹಜವಾಗಿ ಹೊಂದುತ್ತದೆ. ಆಗುಂಬೆಯ ಜುಲೈ ತಿಂಗಳಿಗೆ, ನೀರಿನ ಟ್ಯಾಂಕರಿಗಾಗಿ ಕಾಯುವ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಲೆಕ್ಕ ಬೇರೆಯಾಗಬಹುದು.

ಡೈಪರು ಒಗೆಯುವ ಕೆಲಸವನ್ನು ಮನೆಯೊಳಗೆ ಇಲ್ಲದಂತೆ ಮಾಡಿತು, ಆದರೆ ಹೊಲಸನ್ನು ಇಲ್ಲದಂತೆ ಮಾಡಲಿಲ್ಲ. ಅದು ಮಡಿವಾಳರ ಕೈಯಿಂದ ಪೌರಕಾರ್ಮಿಕರ ಕೈಗೆ ಹೋಯಿತು. ಕಸದಲ್ಲಿ ಬೆರೆತ ಡೈಪರನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಹೆಚ್ಚಾಗಿ ಹಿಂದೆಯೂ ಇಂಥ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ಸಮುದಾಯಗಳ ಹೆಂಗಸರೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಡೈಪರನ್ನು ಸುತ್ತಿ ಬೇರೆಯಾಗಿ ಕೊಡುವ ಹೊಣೆಯನ್ನು ಮನೆಯವರ ಮೇಲೂ, ಸುತ್ತಲು ಚೀಲ ಒದಗಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಿದವು. ಹೈಕೋರ್ಟಿನ ಆದೇಶದ ಮೇರೆಗೆ ಬೆಂಗಳೂರಿನಲ್ಲಿ ಬಂದ ಎರಡು ಬುಟ್ಟಿ, ಒಂದು ಚೀಲದ ಕ್ರಮದಲ್ಲಿ ಡೈಪರಿನ ಜಾಗ ಕೆಂಪು ಬುಟ್ಟಿ. ಸಾವಿರಾರು ರೂಪಾಯಿಯ ವಿಶೇಷ ಡಬ್ಬಿ ಬಾಗಿಲು ಮುಚ್ಚಿಟ್ಟ ಚಳಿನಾಡಿನ ಕೋಣೆಯಲ್ಲಿ, ವಾರಕ್ಕೊಮ್ಮೆ ಕಸ ಒಯ್ಯುವ ಊರಿನಲ್ಲಿ ವಾಸನೆ ತಡೆಯಲು ಬಂದದ್ದು. ದಿನವೂ ಕಸದ ಗಾಡಿ ಬರುವ ಬೀದಿಗೆ ಅದು ಬೇಡ. ಮಲವನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಸುತ್ತುಗಟ್ಟಿ, ಹಳೆ ಪತ್ರಿಕೆಯಲ್ಲಿ ಮಡಚಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಟ್ಟರೆ ಸಾಕು.

ಇಷ್ಟು ಸಾಕ್ಷ್ಯದ ಮೇಲೆ ತೀರ್ಪು ಹೇಳಬಹುದು. ಬೇಕಾದವು ಇವು: ಒಗೆದು ಬಿಸಿಲಲ್ಲಿ ಒಣಗಿಸಿದ ಎರಡು ಡಜನ್ ಮೆತ್ತನೆಯ ಹತ್ತಿ ಬಟ್ಟೆ, ಒಂದೆರಡು ರಬ್ಬರ್ ಶೀಟು, ರಾತ್ರಿಗೂ ಪ್ರಯಾಣಕ್ಕೂ ಮಳೆಗಾಲಕ್ಕೂ ಬೇಕಾದಷ್ಟೇ ಡೈಪರು, ಮುಚ್ಚಳದ ಬಕೆಟ್ಟು, ಚರ್ಮ ಕೆಂಪಾದರೆ ಹಚ್ಚಲು ಜಿಂಕ್ ಆಕ್ಸೈಡ್ ಮುಲಾಮು, ಬದಲಿಸಿದವರು ಕೈ ತೊಳೆಯಲು ಸೋಪು. ಪೌಡರು, ವೈಪ್ಸು ಬಿಸಿಮಾಡುವ ಪೆಟ್ಟಿಗೆ, ವಿಶೇಷ ಡಬ್ಬಿ ಬೇಡ. ಎತ್ತರದ ಮೇಜು ಸಿಸೇರಿಯನ್ ಆದ, ಬೆನ್ನು ಬಗ್ಗಿಸಲಾಗದ ತಾಯಿಗೆ ಕೆಲ ವಾರ ನೆರವಾದೀತು. ಆದರೆ ಹೊರಳಲು ಕಲಿತ ಕೂಸು ಅದರಿಂದ ಬೀಳುತ್ತದೆ, ನೆಲದ ಮೇಲಿನ ಚಾಪೆಯಿಂದ ಬೀಳುವುದಿಲ್ಲ. ಮನೆಯವರು ಕೊಳ್ಳಲಾಗದ, ಸಮಾಜವೇ ಒದಗಿಸಬೇಕಾದ ಸಲಕರಣೆಯೂ ಒಂದಿದೆ: ಸಾರ್ವಜನಿಕ ಜಾಗಗಳಲ್ಲಿ ಬಟ್ಟೆ ಬದಲಿಸುವ ಹಲಗೆ. ಅಮೆರಿಕ 2016ರ ಕಾನೂನಿನಿಂದ ಸಾರ್ವಜನಿಕರು ಬಳಸುವ ಕೇಂದ್ರ ಸರಕಾರಿ ಕಟ್ಟಡಗಳಲ್ಲಿ ಗಂಡಸರ ಶೌಚಾಲಯಕ್ಕೂ ಅದನ್ನು ಕಡ್ಡಾಯ ಮಾಡಿತು. ನಮ್ಮ ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಹಾಗೆ ಆಗಬೇಕು, ಏಕೆಂದರೆ ಈ ಚರಿತ್ರೆಯುದ್ದಕ್ಕೂ ಕಾಣೆಯಾಗಿರುವುದು ಅಪ್ಪನ ಕೈ. ಹೊಸ ತಂದೆತಾಯಂದಿರಲ್ಲಿ ಕೋರಿಕೆ ಇಷ್ಟು: ಒಂದು ವಸ್ತುವನ್ನು ಕೊಳ್ಳುವ ಮೊದಲು ಅದು ಯಾರ ತೊಂದರೆಗೆ ಹುಟ್ಟಿತು, ಬಳಸಿದ ಮೇಲೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಉಳಿದ ಹಣದಲ್ಲಿ ಬಾಣಂತಿಯ ಊಟ, ವಿಶ್ರಾಂತಿ, ಸಹಾಯಕ್ಕೆ ಬರುವವರ ನ್ಯಾಯವಾದ ಕೂಲಿ ನೋಡಿಕೊಳ್ಳಿ, ಕೂಸಿಗೆ ಆ ಖರ್ಚೇ ಹೆಚ್ಚು ಉಪಯೋಗದ್ದು.